ಮೊದಲೇ ಮಾಡಿಟ್ಟ ಚಿತ್ರ, ಗುಂಡಿ ಒತ್ತಿದ ಮೇಲೆ ಮೂಡುವ ಚಿತ್ರ

ಕಂಪ್ಯೂಟರ್ ಆಟಗಳ ಗ್ರಾಫಿಕ್ಸ್‌ನಲ್ಲಿ ಎಷ್ಟು ಬಗೆ ಎಂದು ಕೇಳಿದರೆ ಬಹುತೇಕರು ಟೂಡಿ, ತ್ರೀಡಿ ಎಂಬ ಎರಡು ಹೆಸರು ಹೇಳಿ ಮುಗಿಸುತ್ತಾರೆ. ಆಟದ ಗೀಳು ಸ್ವಲ್ಪ ಹೆಚ್ಚಿರುವವರು ಪಿಕ್ಸೆಲ್ ಆರ್ಟ್, ವೆಕ್ಟರ್, ಐಸೊಮೆಟ್ರಿಕ್, ಸೆಲ್ ಶೇಡಿಂಗ್, ವಾಕ್ಸೆಲ್ ಎಂದು ಪಟ್ಟಿಯನ್ನು ಉದ್ದ ಮಾಡುತ್ತಾರೆ. ಈ ವಿಂಗಡಣೆ ಸುಳ್ಳಲ್ಲ. ಆದರೆ ಪರದೆಯ ಮೇಲೆ ಕಾಣುವುದನ್ನಷ್ಟೇ ನೋಡಿ ಮಾಡಿದ್ದು. 1993ರ ಡೂಮ್ ಆಟವನ್ನು ಯಾವ ಬಗೆಗೆ ಸೇರಿಸಬೇಕು? ಅದರ ಗೋಡೆಗಳು ದೂರ ಹೋದಂತೆ ಕಿರಿದಾಗುತ್ತವೆ, ಮೂಲೆ ತಿರುಗಿದರೆ ಹೊಸ ಕೋಣೆ ತೆರೆದುಕೊಳ್ಳುತ್ತದೆ. ಆದರೆ ಆ ಕೋಣೆಯಲ್ಲಿ ಎದುರಾಗುವ ರಾಕ್ಷಸರೆಲ್ಲ ಚಪ್ಪಟೆ ಚಿತ್ರಗಳು. 1999ರ ಏಜ್ ಆಫ್ ಎಂಪೈರ್ಸ್ ಎರಡನೆಯ ಭಾಗದ ಕೋಟೆಗಳೂ ಸೈನಿಕರೂ ಪರದೆಯ ಮೇಲೆ ಚಪ್ಪಟೆ ಚಿತ್ರಗಳೇ, ಆದರೆ ಅವನ್ನು ತಯಾರಿಸಿದ್ದು ತ್ರೀಡಿ ಮಾದರಿಗಳಿಂದ.

ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಬೇರೊಂದು ಪ್ರಶ್ನೆ: ಪರದೆಯ ಮೇಲಿನ ಈ ಚಿತ್ರದಲ್ಲಿ ಎಷ್ಟು ಭಾಗ ಆಟ ಮಾರಾಟಕ್ಕೆ ಬರುವ ಮೊದಲೇ ಸಿದ್ಧವಾಗಿತ್ತು, ಎಷ್ಟು ಭಾಗ ನಾನು ಗುಂಡಿ ಒತ್ತಿದ ಮೇಲೆ ಮೂಡಿತು? ಸೆಕೆಂಡಿಗೆ 60 ಫ್ರೇಮ್ ತೋರಿಸಬೇಕಾದ ಆಟಕ್ಕೆ ಒಂದು ಚಿತ್ರ ಮುಗಿಸಲು ಸಿಗುವ ಸಮಯ 16.67 ಮಿಲಿಸೆಕೆಂಡ್. ಅಷ್ಟರೊಳಗೆ ಆಗದ ಕೆಲಸವನ್ನು ಮೊದಲೇ ಮಾಡಿಡಬೇಕು, ಇಲ್ಲವೇ ಬಿಟ್ಟುಬಿಡಬೇಕು. ಹುಳಿಪುಡಿಯನ್ನು ತಿಂಗಳ ಮೊದಲೇ ಕುಟ್ಟಿಟ್ಟುಕೊಂಡು, ಒಗ್ಗರಣೆಯನ್ನು ಮಾತ್ರ ಬಡಿಸುವ ಹೊತ್ತಿಗೆ ಹಾಕುವ ಅಡುಗೆಮನೆಯ ಲೆಕ್ಕಾಚಾರವೇ ಇಲ್ಲಿಯೂ ನಡೆಯುತ್ತದೆ. ಐವತ್ತು ವರ್ಷಗಳಿಂದ ಬಂದಿರುವ ಗ್ರಾಫಿಕ್ಸ್ ಬಗೆಗಳಲ್ಲಿ ಹೆಚ್ಚಿನವು ಈ ಲೆಕ್ಕಕ್ಕೆ ಬೇರೆ ಬೇರೆ ಕಾಲದ ಎಂಜಿನಿಯರುಗಳು ಕೊಟ್ಟ ಉತ್ತರಗಳು ಎಂಬುದು ನನ್ನ ಅನಿಸಿಕೆ.

ಆರಂಭದ ವೆಕ್ಟರ್ ಆಟಗಳಲ್ಲಿ ಮೊದಲೇ ಮಾಡಿಟ್ಟದ್ದು ಬಹಳ ಕಡಿಮೆ. ಅಟಾರಿಯ ಆಸ್ಟರಾಯ್ಡ್ಸ್ 1979ರಲ್ಲಿ ಬಂತು, ಬ್ಯಾಟಲ್‌ಜೋನ್ 1980ರಲ್ಲಿ. ಇವುಗಳ ಪರದೆಯಲ್ಲಿ ಪಿಕ್ಸೆಲ್ ಎಂಬ ಬಣ್ಣದ ಚುಕ್ಕೆಗಳೇ ಇರಲಿಲ್ಲ. ಎಲೆಕ್ಟ್ರಾನ್ ಕಿರಣವು ಒಂದು ಬಿಂದುವಿನಿಂದ ಇನ್ನೊಂದು ಬಿಂದುವಿಗೆ ನೇರವಾಗಿ ಗೆರೆ ಎಳೆಯುತ್ತಿತ್ತು. ಹೀಗಾಗಿ ಗೆರೆಗಳು ಮೆಟ್ಟಿಲು ಮೆಟ್ಟಿಲಾಗದೆ ಚೂಪಾಗಿ ಹೊಳೆಯುತ್ತಿದ್ದವು, ಆದರೆ ಆಕೃತಿಯೊಳಗೆ ಬಣ್ಣ ತುಂಬುವ ದಾರಿ ಇರಲಿಲ್ಲ. ಆ ಪರದೆಗಳು ದುಬಾರಿಯಾಗಿದ್ದವು, ಕೆಟ್ಟರೆ ರಿಪೇರಿಯೂ ಕಷ್ಟ. ಕೆಲವೇ ವರ್ಷಗಳಲ್ಲಿ ಅವು ಮರೆಯಾದವು.

ಮರೆಯಾಗದೆ ಉಳಿದದ್ದು ಸ್ಪ್ರೈಟ್ ಮತ್ತು ಟೈಲ್. ನಮ್ಮ ಊರುಗಳಲ್ಲಿ ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ, ಹಳದಿ ಕ್ಯಾಸೆಟ್ ತುರುಕುವ ವಿಡಿಯೋ ಗೇಮ್‌ಗಳನ್ನು ನೆನಪಿಟ್ಟುಕೊಂಡಿರುವವರು ಈ ಬಗೆಯನ್ನು ಕಣ್ಣಾರೆ ಕಂಡವರೇ. ಅವೆಲ್ಲ ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಯಂತ್ರದ ನಕಲುಗಳು. ಆ ಯಂತ್ರದ ಒಳಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಪಿಕ್ಸೆಲ್ ಆರ್ಟ್ ಎಂದು ಇಂದು ನಾವು ಪ್ರೀತಿಯಿಂದ ಕರೆಯುವ ಶೈಲಿಯ ಎಲ್ಲ ಲಕ್ಷಣಗಳೂ ಅಲ್ಲಿವೆ. ಪರದೆ 256 ಪಿಕ್ಸೆಲ್ ಅಡ್ಡ, 240 ಪಿಕ್ಸೆಲ್ ಉದ್ದ. ಪ್ರತಿ ಪಿಕ್ಸೆಲ್‌ಗೆ ಎರಡು ಬಿಟ್ ಇಟ್ಟರೂ ಪೂರ್ತಿ ಪರದೆಯನ್ನು ನೆನಪಿನಲ್ಲಿಡಲು 15,360 ಬೈಟ್ ಬೇಕು. ಯಂತ್ರದ ಚಿತ್ರ ವಿಭಾಗಕ್ಕೆ ಇದ್ದದ್ದು 2 ಕಿಲೋಬೈಟ್. ಆದ್ದರಿಂದ ಅದು ಪಿಕ್ಸೆಲ್‌ಗಳನ್ನು ನೆನಪಿಡುತ್ತಿರಲಿಲ್ಲ. ಎಂಟಕ್ಕೆ ಎಂಟರ ಚೌಕಾಕಾರದ ಟೈಲ್‌ಗಳ ಒಂದು ಭಂಡಾರ ಕ್ಯಾಸೆಟ್ಟಿನೊಳಗೇ ಇರುತ್ತಿತ್ತು. ಪರದೆಯ 32 ಕಂಬಸಾಲು, 30 ಅಡ್ಡ ಸಾಲುಗಳ 960 ಮನೆಗಳಲ್ಲಿ ಯಾವ ಮನೆಗೆ ಯಾವ ಟೈಲ್ ಎಂಬ ಸಂಖ್ಯೆಯನ್ನು ಮಾತ್ರ ಯಂತ್ರ ಬರೆದುಕೊಳ್ಳುತ್ತಿತ್ತು. ಬಣ್ಣದ ವಿವರಕ್ಕೆ ಇನ್ನು 64 ಬೈಟ್ ಸೇರಿದರೆ ಒಂದು ಪರದೆ 1,024 ಬೈಟ್‌ನಲ್ಲಿ ಮುಗಿಯಿತು.

ಚಿತ್ರವೆಲ್ಲ ಮೊದಲೇ ಮಾಡಿಟ್ಟದ್ದು, ಆ ಕ್ಷಣಕ್ಕೆ ನಡೆಯುವುದು ಜೋಡಣೆ ಮಾತ್ರ. 1985ರ ಸೂಪರ್ ಮಾರಿಯೊ ಬ್ರದರ್ಸ್ ಆಟದಲ್ಲಿ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಟೈಲ್‌ಗಳನ್ನು ಬಳಸಿದ್ದಾರೆ. ಬಣ್ಣದ ಪಟ್ಟಿ ಬಿಳಿಯಾದರೆ ಮೋಡ, ಹಸಿರಾದರೆ ಪೊದೆ. ಇಡೀ ಆಟ 40 ಕಿಲೋಬೈಟ್. ಒಂದು ಸಾಧಾರಣ ವಾಟ್ಸಾಪ್ ಫೋಟೊ ಅದಕ್ಕಿಂತ ದೊಡ್ಡದಿರುತ್ತದೆ ಎಂಬುದನ್ನು ಎಷ್ಟೋ ಜನ ಹೇಳಿದ್ದಾರೆ, ನಾನೂ ಹೇಳದೆ ಇರಲಾರೆ.

ಚಲಿಸುವ ಪಾತ್ರಗಳು ಸ್ಪ್ರೈಟ್‌ಗಳು: ಹಿನ್ನೆಲೆಯನ್ನು ಮುಟ್ಟದೆ ಅದರ ಮೇಲೆ ತೇಲುವ ತುಂಡು ಚಿತ್ರಗಳು. ಒಟ್ಟು 64 ಸ್ಪ್ರೈಟ್‌ಗಳಿಗೆ ಅವಕಾಶ, ಆದರೆ ಒಂದು ಅಡ್ಡ ಗೆರೆಯ ಮೇಲೆ ಎಂಟಕ್ಕಿಂತ ಹೆಚ್ಚು ಬರುವಂತಿಲ್ಲ. ಒಂಬತ್ತನೆಯದು ಬಂದರೆ ಯಂತ್ರ ಅದನ್ನು ಚಿತ್ರಿಸುವುದೇ ಇಲ್ಲ. ಹಾಗೆ ಮಾಯವಾದ ಶತ್ರು ಆಟಗಾರನನ್ನು ಕೊಂದರೆ ಅನ್ಯಾಯವೆನಿಸುತ್ತದೆ. ಅದಕ್ಕಾಗಿ ಪ್ರೋಗ್ರಾಮರುಗಳು ಸ್ಪ್ರೈಟ್‌ಗಳ ಸರದಿಯನ್ನು ಪ್ರತಿ ಫ್ರೇಮ್‌ಗೂ ಬದಲಿಸುತ್ತಿದ್ದರು. ಈ ಫ್ರೇಮ್‌ನಲ್ಲಿ ಒಬ್ಬ ಬಿಟ್ಟುಹೋದರೆ ಮುಂದಿನದರಲ್ಲಿ ಇನ್ನೊಬ್ಬ. ಗುಂಪು ಸೇರಿದಾಗ ಶತ್ರುಗಳು ಮಿಣುಕುತ್ತಿದ್ದುದು ಈ ಕಾರಣಕ್ಕೆ. ಕ್ಯಾಸೆಟ್ ಸರಿಯಾಗಿ ಕೂತಿಲ್ಲವೆಂದು ಅದನ್ನು ಹೊರತೆಗೆದು ಬಾಯಿಂದ ಊದಿ ಮತ್ತೆ ಹಾಕುತ್ತಿದ್ದ ತಲೆಮಾರಿಗೆ ಇದನ್ನು ತಿಳಿಸುವವರು ಯಾರೂ ಇರಲಿಲ್ಲ.

ಸ್ಪ್ರೈಟ್ ಎಂದರೆ ಕೈಯಿಂದ ಚಿತ್ರಿಸಿದ ಗೊಂಬೆಯೇ ಆಗಬೇಕೆಂದಿಲ್ಲ. ಜಾರ್ಡನ್ ಮೆಕ್ನರ್ ತನ್ನ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ಅದನ್ನು ವಿಡಿಯೋ ಮಾಡಿ, ಒಂದೊಂದೇ ಫ್ರೇಮಿನ ಆಕಾರವನ್ನು ಎತ್ತಿ ಪ್ರಿನ್ಸ್ ಆಫ್ ಪರ್ಷಿಯಾದ ರಾಜಕುಮಾರನನ್ನು ಮಾಡಿದರು. 1989ರಲ್ಲಿ ಆಪಲ್ ಟೂ ಯಂತ್ರಕ್ಕೆ ಬಂದ ಆ ಆಟದ ಹುಡುಗ ಓಡಿ ನಿಲ್ಲುವಾಗ ಒಂದು ಹೆಜ್ಜೆ ಜಾರುತ್ತಾನೆ. ಅಂಚು ಹಿಡಿದು ನೇತಾಡಿ ಮೈ ಎಳೆದುಕೊಳ್ಳುವಾಗ ನಮಗೇ ತೋಳು ಸೆಳೆದಂತಾಗುತ್ತದೆ. ಇಷ್ಟೊಂದು ಭಂಗಿಗಳನ್ನು ತುಂಬಿದ ಮೇಲೆ ಎದುರಾಳಿಗೆ ಹೊಸ ಚಿತ್ರಗಳನ್ನಿಡಲು ಮೆಮೊರಿಯಲ್ಲಿ ಜಾಗ ಉಳಿಯಲಿಲ್ಲ. ಆಗ ರಾಜಕುಮಾರನದೇ ಚಿತ್ರವನ್ನು ಒಂದು ಬಿಟ್ ಪಕ್ಕಕ್ಕೆ ಸರಿಸಿ ಮೂಲದೊಡನೆ ಎಕ್ಸ್‌ಕ್ಲೂಸಿವ್ ಆರ್ ಎಂಬ ಗಣಿತಕ್ರಿಯೆಗೆ ಒಳಪಡಿಸಿದರೆ, ಅಂಚುಗಳಷ್ಟೇ ಹೊಳೆಯುವ ಒಂದು ನೆರಳು ಮನುಷ್ಯ ಎದ್ದು ನಿಂತ. ಕನ್ನಡಿಯನ್ನು ಸೀಳಿಕೊಂಡು ಹೊರಬರುವ ಆ ಪ್ರತಿರೂಪವೇ ಆಟದ ಕಥೆಯ ಅತ್ಯುತ್ತಮ ಭಾಗವಾಯಿತು. ಕೊರತೆಯಿಂದ ಶೈಲಿ ಹುಟ್ಟಿದ ಉದಾಹರಣೆಗಳು ಬೇಕಾದಷ್ಟಿವೆ. ಕೊರತೆಯಿಂದ ಪಾತ್ರವೇ ಹುಟ್ಟಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಡೂಮ್‌ಗೆ ಮರಳೋಣ. ಅದರ ಹಿಂದಿನ ವರ್ಷ ಬಂದ ವುಲ್ಫೆನ್‌ಸ್ಟೈನ್ ತ್ರೀಡಿಯಲ್ಲಿ ಪರದೆಯ ಪ್ರತಿ ಕಂಬಸಾಲಿಗೂ ಒಂದೊಂದು ಕಿರಣವನ್ನು ನಕ್ಷೆಯ ಮೇಲೆ ಹಾಯಿಸಿ, ಅದು ಎಷ್ಟು ದೂರದಲ್ಲಿ ಗೋಡೆಗೆ ತಾಗಿತೆಂದು ನೋಡಿ, ಅದಕ್ಕೆ ತಕ್ಕ ಎತ್ತರದ ಗೋಡೆಪಟ್ಟಿಯನ್ನು ಬರೆಯುತ್ತಿದ್ದರು. ಡೂಮ್‌ನಲ್ಲಿ ಅದರ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ನಕ್ಷೆಯನ್ನು ಮೊದಲೇ ಸೀಳಿ ಸೀಳಿ ಒಂದು ಮರದಾಕಾರದ ಪಟ್ಟಿಯಾಗಿ ಜೋಡಿಸಿಟ್ಟರು. ನೀವು ಎಲ್ಲೇ ನಿಂತರೂ ಯಾವ ಗೋಡೆ ಹತ್ತಿರ, ಯಾವುದು ಹಿಂದೆ ಎಂಬುದು ಆ ಪಟ್ಟಿಯಿಂದ ಥಟ್ಟನೆ ತಿಳಿಯುತ್ತಿತ್ತು. ಹೀಗೆ ವಿಂಗಡಣೆಯ ಕೆಲಸ ಮೊದಲೇ ಮುಗಿದಿದ್ದರಿಂದಲೇ ಅಂದಿನ ಸಾಧಾರಣ ಪಿಸಿಗಳಲ್ಲಿ ಆ ವೇಗ ಸಾಧ್ಯವಾಯಿತು. ಬೆಲೆಯೂ ಇತ್ತು: ಆಟ ನಡೆಯುತ್ತಿರುವಾಗ ಗೋಡೆಗಳನ್ನು ಪಕ್ಕಕ್ಕೆ ಸರಿಸುವಂತಿಲ್ಲ, ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಕಟ್ಟುವಂತಿಲ್ಲ.

ರಾಕ್ಷಸರಲ್ಲಿ ಕೆಲವರನ್ನು ಮಣ್ಣಿನಲ್ಲಿ ಮಾಡಿ, ಸುತ್ತ ಎಂಟು ದಿಕ್ಕಿನಿಂದ ಕ್ಯಾಮೆರಾದಲ್ಲಿ ಹಿಡಿದು ಸ್ಪ್ರೈಟ್ ಮಾಡಿದರು. ಆಟದಲ್ಲಿ ಶತ್ರುವಿನ ಸುತ್ತ ಸುತ್ತಿದರೆ ಎಂಟು ಚಿತ್ರಗಳು ಬದಲಾಗುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಆದರೆ ಹೆಣಕ್ಕೆ ಎಂಟು ಚಿತ್ರಗಳ ಖರ್ಚು ಯಾರು ಮಾಡುತ್ತಾರೆ? ಬಿದ್ದ ರಾಕ್ಷಸನಿಗೆ ಒಂದೇ ಚಿತ್ರ. ಅವನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ: ಹೆಣ ನಿಮ್ಮೊಡನೆಯೇ ತಿರುಗುತ್ತ ಸದಾ ಒಂದೇ ಮಗ್ಗುಲನ್ನು ತೋರಿಸುತ್ತದೆ. ಏಜ್ ಆಫ್ ಎಂಪೈರ್ಸ್‌ನಲ್ಲಿ ಇನ್ನೂ ಜಿಪುಣತನವಿದೆ. ಎಂಟು ದಿಕ್ಕುಗಳ ಪೈಕಿ ಐದರ ಚಿತ್ರಗಳನ್ನು ಮಾತ್ರ ಇಟ್ಟುಕೊಂಡು, ಉಳಿದ ಮೂರನ್ನು ಎಡಬಲ ತಿರುಗಿಸಿ ತೋರಿಸುತ್ತಾರೆ. ಬಲಗೈಯಲ್ಲಿ ಕತ್ತಿ ಹಿಡಿದು ಒಂದು ಕಡೆಗೆ ಹೊರಟ ಸೈನಿಕ ಹಿಂದಿರುಗಿ ಬರುವಾಗ ಎಡಚನಾಗಿರುತ್ತಾನೆ. ನೂರಾರು ಸೈನಿಕರ ಗದ್ದಲದಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಮೊದಲೇ ಮಾಡಿಡುವ ವಿಧಾನದ ತುತ್ತತುದಿಯೆಂದರೆ ಪ್ರೀ-ರೆಂಡರ್ ಮಾಡಿದ ಹಿನ್ನೆಲೆಗಳು. 1996ರ ರೆಸಿಡೆಂಟ್ ಈವಿಲ್‌ನಲ್ಲಿ ಬಂಗಲೆಯ ಕೋಣೆಗಳೆಲ್ಲ ದೊಡ್ಡ ಕಂಪ್ಯೂಟರುಗಳಲ್ಲಿ ನಿಧಾನವಾಗಿ ತಯಾರಾದ ಸ್ತಬ್ಧಚಿತ್ರಗಳು. ಅದರ ಮೇಲೆ ಓಡಾಡುವ ಮನುಷ್ಯರೂ ಹೆಣಗಳೂ ಮಾತ್ರ ಆ ಕ್ಷಣಕ್ಕೆ ಪಾಲಿಗನ್ ಎಂಬ ಸಣ್ಣ ಬಹುಭುಜಗಳಿಂದ ಮೂಡುವವರು. ಚಿತ್ರ ಸ್ತಬ್ಧವಾದ್ದರಿಂದ ಕ್ಯಾಮೆರಾ ಅಲುಗುವಂತಿಲ್ಲ. ಮೂಲೆಯಾಚೆ ಏನಿದೆಯೆಂದು ಇಣುಕಲಾಗದ ಆ ಅಸಹಾಯಕತೆಯೇ ಆಟದ ಭಯವಾಯಿತು.

ಇದಕ್ಕೆ ತದ್ವಿರುದ್ಧವಾಗಿ, ಎಲ್ಲವನ್ನೂ ಆ ಕ್ಷಣಕ್ಕೇ ಮೂಡಿಸುವ ಆಸೆ ಹೊತ್ತ ಸೋನಿಯ ಮೊದಲ ಪ್ಲೇಸ್ಟೇಷನ್ 1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂತು. ತ್ರಿಕೋನಗಳನ್ನು ಬಿಡಿಸುವುದರಲ್ಲಿ ಅದು ಬಲು ಚುರುಕು, ಆದರೆ ಎರಡು ವಿಷಯಗಳಲ್ಲಿ ಅಡ್ಡದಾರಿ ಹಿಡಿದಿತ್ತು. ತ್ರಿಕೋನದ ಮೇಲೆ ಅಂಟಿಸುವ ಟೆಕ್ಸ್ಚರ್ ಎಂಬ ಮೇಲ್ಮೈ ಚಿತ್ರವನ್ನು ದೂರಕ್ಕೆ ತಕ್ಕಂತೆ ಸರಿಯಾಗಿ ಕುಗ್ಗಿಸಬೇಕಾದರೆ ಪ್ರತಿ ಪಿಕ್ಸೆಲ್‌ಗೂ ಒಂದು ಭಾಗಾಕಾರ ಬೇಕು. ಯಂತ್ರ ಆ ಭಾಗಾಕಾರ ಮಾಡದೆ ಸಮವಾಗಿ ಹಂಚಿಬಿಡುತ್ತಿತ್ತು. ಇದರ ಪರಿಣಾಮವನ್ನು ಆ ಯಂತ್ರದ ಹಲವು ಆಟಗಳ ನೆಲಹಾಸಿನಲ್ಲಿ ನೋಡಬಹುದು: ಕಾಲ ಬುಡದ ಕಲ್ಲುಚಪ್ಪಡಿಗಳ ನೇರ ಗೆರೆಗಳು ಕ್ಯಾಮೆರಾ ಹತ್ತಿರ ಬಂದಂತೆ ಕರ್ಣದುದ್ದಕ್ಕೂ ಮುರಿದು ಸೊಟ್ಟಗಾಗುತ್ತವೆ. ಎರಡನೆಯದಾಗಿ, ತ್ರಿಕೋನದ ತುದಿಗಳು ಪರದೆಯ ಪೂರ್ಣ ಪಿಕ್ಸೆಲ್‌ಗಳ ಮೇಲೆಯೇ ಕೂರಬೇಕಿತ್ತು. ಅರ್ಧ ಪಿಕ್ಸೆಲ್ ಎಂಬ ಮಾತೇ ಇಲ್ಲ. ಆದ್ದರಿಂದ ನಿಧಾನವಾಗಿ ಚಲಿಸುವ ಗೋಡೆಯೂ ಚಳಿ ಹಿಡಿದಂತೆ ನಡುಗುತ್ತಿತ್ತು. ದೊಡ್ಡ ತ್ರಿಕೋನಗಳನ್ನು ಚಿಕ್ಕದಾಗಿ ಒಡೆದು, ಗೆರೆ ಸೊಟ್ಟಗಾಗುವ ಮೊದಲ ದೋಷವನ್ನು ಮುಚ್ಚಲು ಆಟ ತಯಾರಕರು ಬಹಳ ಹೆಣಗಿದರು. ಈಗಿನ ಪ್ರೋಗ್ರಾಮರುಗಳು ಆ ನಡುಕವನ್ನು ಶೇಡರ್ ಎಂಬ ಚಿತ್ರ ಬಿಡಿಸುವ ಸಣ್ಣ ಪ್ರೋಗ್ರಾಂ ಬರೆದು ಬೇಕೆಂದೇ ತರಿಸುತ್ತಿದ್ದಾರೆ, ಆ ಕಾಲದ ಭಯದ ಆಟಗಳ ರುಚಿ ಬೇಕೆನ್ನುವವರಿಗಾಗಿ.

ಬೆಳಕಿನ ವಿಷಯದಲ್ಲಿ ಈ ಜಗ್ಗಾಟ ಅತ್ಯಂತ ಸ್ವಾರಸ್ಯಕರ. 1996ರ ಕ್ವೇಕ್‌ನಲ್ಲಿ ಶತ್ರುಗಳೂ ನಿಜವಾದ ಪಾಲಿಗನ್‌ಗಳಾದರು, ಆದರೆ ಗೋಡೆಯ ಮೇಲೆ ಬಿದ್ದ ಬೆಳಕು ನೆರಳುಗಳು ಆಟ ಪ್ಯಾಕ್ ಆಗುವ ಮೊದಲೇ ಲೆಕ್ಕ ಹಾಕಿ ಅಂಟಿಸಿದವು. ಇದೇ ಲೈಟ್‌ಮ್ಯಾಪ್. 2004ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಬಂದ ಎರಡು ಆಟಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಡೂಮ್ 3 ಬೆಳಕನ್ನೆಲ್ಲ ಆ ಕ್ಷಣಕ್ಕೇ ಲೆಕ್ಕ ಹಾಕಿತು: ತೂಗಾಡುವ ದೀಪದ ಜೊತೆ ನೆರಳೂ ತೂಗಾಡುತ್ತದೆ, ಆದರೆ ಒಂದು ಗೋಡೆಗೆ ಬಡಿದು ಇನ್ನೊಂದಕ್ಕೆ ಹಾಯುವ ಬೆಳಕಿನ ಲೆಕ್ಕಕ್ಕೆ ಸಮಯವಿಲ್ಲ, ಹಾಗಾಗಿ ನೆರಳೆಂದರೆ ಕಾಡಿಗೆಯ ಕಪ್ಪು. ಹಾಫ್-ಲೈಫ್ 2 ಬೆಳಕಿನ ಬಹುಭಾಗವನ್ನು ಮೊದಲೇ ಗಂಟೆಗಟ್ಟಲೆ ಲೆಕ್ಕ ಹಾಕಿ ಗೋಡೆಗಳಿಗೆ ಬಳಿದಿಟ್ಟಿತು: ಅಲ್ಲಿನ ಸೂರ್ಯ ಅಲುಗುವುದಿಲ್ಲ, ಆದರೆ ಮಧ್ಯಾಹ್ನದ ಬೀದಿಯಲ್ಲಿ ಬೆಳಕು ಮನೆಗಳ ಗೋಡೆಗಳಿಂದ ಚಿಮ್ಮಿ ಮೃದುವಾಗಿ ಹರಡಿಕೊಂಡಿರುತ್ತದೆ. ಅಂದು ಎಲ್ಲರೂ ಡೂಮ್ 3 ತಂತ್ರಜ್ಞಾನವನ್ನು ಹೊಗಳಿದರು. ಇಂದು ಎರಡನ್ನೂ ತೆರೆದು ನೋಡಿದರೆ ನನ್ನ ಕಣ್ಣಿಗೆ ಹಾಫ್-ಲೈಫ್ 2 ಕಡಿಮೆ ವಯಸ್ಸಾದಂತೆ ಕಾಣುತ್ತದೆ. ಹಳೆಯ ವಿಧಾನದ ಆಟವೇ ಚೆನ್ನಾಗಿ ಉಳಿದದ್ದು ತಂತ್ರಜ್ಞಾನದ ಅಭಿಮಾನಿಗಳಿಗೆ ರುಚಿಸದ ಸಂಗತಿ.

ಮೊದಲೇ ಮಾಡಿಡುವ ಕೆಲಸವನ್ನು ಯಂತ್ರಕ್ಕಿಂತ ಹೆಚ್ಚಾಗಿ ಮನುಷ್ಯರು ಮಾಡುತ್ತಾರೆ, ಅದರಲ್ಲಿ ಬೆಂಗಳೂರಿನ ಪಾಲೂ ಇದೆ. 1997ರಲ್ಲಿ ರಾಜೇಶ್ ರಾವ್ ಇಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆ ಫೋರ್ಜಾ ಎಂಬ ಕಾರ್ ರೇಸಿನಂಥ ವಿದೇಶಿ ಆಟಗಳಿಗೆ ಚಿತ್ರಸಾಮಗ್ರಿ ತಯಾರಿಸಿಕೊಟ್ಟು ಹೆಸರು ಮಾಡಿತು. 2019ರಲ್ಲಿ ಆಟ ತಯಾರಿಸುವ ಕಂಪನಿ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡಿತು. ಇಂಥ ಸ್ಟುಡಿಯೋದಲ್ಲಿ ಕೂತ ಕಲಾವಿದ ಒಂದು ಕಾರನ್ನು ಮಾಡುವುದೆಂದರೆ ಒಂದೇ ಕಾರನ್ನಲ್ಲ. ಹತ್ತಿರದಿಂದ ಕಾಣುವ ಕಾರಿಗೆ ಹೆಚ್ಚು ತ್ರಿಕೋನಗಳ ಮಾದರಿ, ದೂರದ ಕಾರಿಗೆ ಕಡಿಮೆ ತ್ರಿಕೋನಗಳ ಮಾದರಿ, ಇನ್ನೂ ದೂರಕ್ಕೆ ಇನ್ನೂ ಒರಟಾದದ್ದು, ಹೀಗೆ ಹಲವು. ಹಾಗೆಯೇ ಲಕ್ಷಾಂತರ ತ್ರಿಕೋನಗಳ ನುಣುಪಾದ ಮಾದರಿಯಲ್ಲಿನ ಉಬ್ಬುತಗ್ಗುಗಳನ್ನು ನಾರ್ಮಲ್ ಮ್ಯಾಪ್ ಎಂಬ ಚಿತ್ರವೊಂದಕ್ಕೆ ಮೊದಲೇ ಲೆಕ್ಕ ಹಾಕಿ ಇಳಿಸಿ, ಅದನ್ನು ಕಡಿಮೆ ತ್ರಿಕೋನಗಳ ಮಾದರಿಗೆ ಹೊದಿಸುತ್ತಾರೆ. ಆ ಚಿತ್ರವನ್ನು ಬಿಡಿಯಾಗಿ ನೋಡಿದರೆ ನೇರಳೆ ಬೆರೆತ ನೀಲಿಯ ಹಾಳೆಯಂತಿರುತ್ತದೆ, ಅಲ್ಲಲ್ಲಿ ಗುಲಾಬಿ, ಹಸಿರಿನ ಅಂಚು. ಪ್ರತಿ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಅಂಕಿಗಳು ಅಲ್ಲಿ ಬಣ್ಣವಲ್ಲ, ಆ ಜಾಗದ ಮೇಲ್ಮೈ ಯಾವ ಕಡೆಗೆ ಮುಖ ಮಾಡಿದೆ ಎಂಬ ದಿಕ್ಕು. ಬೆಳಕು ಬಿದ್ದಾಗ ಚಪ್ಪಟೆ ತಗಡಿನ ಮೇಲೆ ತಿರುಪಿನ ತಲೆಗಳು ಎದ್ದು ಕಾಣುತ್ತವೆ. ಓರೆಯಿಂದ ನೋಡಿದರೆ ಅಂಚು ಮಾತ್ರ ಬೋಳಾಗಿಯೇ ಇರುತ್ತದೆ.

ಮೊದಲೇ ಮಾಡಿಡುವುದನ್ನು ಪೂರ್ತಿ ನಿರಾಕರಿಸಿದವರೂ ಇದ್ದಾರೆ. 2004ರಲ್ಲಿ ಜರ್ಮನಿಯ ಹವ್ಯಾಸಿಗಳ ಗುಂಪೊಂದು ಕೆ-ಕ್ರೀಗರ್ ಎಂಬ ತ್ರೀಡಿ ಶೂಟಿಂಗ್ ಆಟವನ್ನು 96 ಕಿಲೋಬೈಟ್‌ನಲ್ಲಿ ಮುಗಿಸಿತು. ಅದರೊಳಗೆ ಚಿತ್ರಗಳಿಲ್ಲ, ಚಿತ್ರ ತಯಾರಿಸುವ ಸೂತ್ರಗಳಿವೆ. ಆಟ ಶುರುವಾಗುವಾಗ ತುಕ್ಕು ಹಿಡಿದ ತಗಡು, ಕಲ್ಲುಗೋಡೆ ಎಲ್ಲವನ್ನೂ ಕಂಪ್ಯೂಟರ್ ಸೂತ್ರದಿಂದ ಹೆಣೆದುಕೊಳ್ಳುತ್ತದೆ. ಮೈನ್‌ಕ್ರಾಫ್ಟ್ ನಡುದಾರಿ ಹಿಡಿಯಿತು: ಹದಿನಾರಕ್ಕೆ ಹದಿನಾರರ ಪುಟ್ಟ ಟೆಕ್ಸ್ಚರ್‌ಗಳು ಮೊದಲೇ ಮಾಡಿದವು, ಬೆಟ್ಟ ಕಣಿವೆಗಳು ಒಂದು ಸಂಖ್ಯೆಯಿಂದ ಆ ಕ್ಷಣಕ್ಕೇ ಹುಟ್ಟುವವು. ಸೆಲ್ ಶೇಡಿಂಗ್ ಇವೆರಡಕ್ಕೂ ಸೇರದ ಬೇರೆ ಮಾತು. ಅದು ಬೆಳಕಿನ ಲೆಕ್ಕವನ್ನು ಪೂರ್ತಿ ಮಾಡಿ, ಉತ್ತರವನ್ನು ಎರಡು ಮೂರು ಮಟ್ಟಗಳಿಗೆ ಇಳಿಸಿ ವ್ಯಂಗ್ಯಚಿತ್ರದಂತೆ ಕಾಣಿಸುತ್ತದೆ. 2002ರ ಕೊನೆಗೆ ಜೆಲ್ಡಾ ಸರಣಿಯ ವಿಂಡ್ ವೇಕರ್ ಹೀಗೆ ಬಂದಾಗ ಮಕ್ಕಳಾಟವೆಂದು ಮೂದಲಿಸಿದವರು ಹಲವರು. ಅದರ ಸಮಕಾಲೀನ ವಾಸ್ತವಶೈಲಿಯ ಆಟಗಳ ಮುಖಗಳನ್ನು ಈಗ ನೋಡಲಾಗದು, ವಿಂಡ್ ವೇಕರಿನ ಕಡಲನ್ನು ಈಗಲೂ ನೋಡಬಹುದು.

ಇಷ್ಟೆಲ್ಲ ಹೇಳಿದರೂ ಆಡುವವರಿಗೆ ಚಂದವೇ ಮುಖ್ಯ ಎಂದುಕೊಳ್ಳಬೇಕಿಲ್ಲ. ನಮ್ಮ ಕಾಲೇಜು ಹುಡುಗರು ಮೊಬೈಲಿನಲ್ಲಿ ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟ ಆಡುವಾಗ ಗ್ರಾಫಿಕ್ಸ್ ಆಯ್ಕೆಯಲ್ಲಿ ಮೇಲ್ಮಟ್ಟದ ಎಚ್‌ಡಿಆರ್ ಬಿಟ್ಟು ಕೆಳಮಟ್ಟದ ಸ್ಮೂತ್ ಒತ್ತಿ, ಫ್ರೇಮ್ ರೇಟನ್ನು ಮಾತ್ರ ಫೋನ್ ತಡೆದುಕೊಳ್ಳುವಷ್ಟೂ ಏರಿಸಿಕೊಳ್ಳುತ್ತಾರೆ. ನೆರಳಿಲ್ಲದಿದ್ದರೂ ಸರಿ, ಎದುರಾಳಿ ತಲೆ ಎತ್ತಿದ್ದು ಒಂದು ಫ್ರೇಮ್ ಮೊದಲೇ ಕಾಣಬೇಕು.

ಆ ಕ್ಷಣಕ್ಕೇ ಎಲ್ಲವನ್ನೂ ಲೆಕ್ಕ ಹಾಕುವ ಕನಸಿನ ಹೆಸರು ರೇ ಟ್ರೇಸಿಂಗ್. ಬೆಳಕಿನ ಕಿರಣ ಕನ್ನಡಿಗೆ ಬಡಿದು, ಗಾಜಿನಲ್ಲಿ ಬಾಗಿ ಹೋಗುವ ದಾರಿಯನ್ನು ಕಣ್ಣಿನಿಂದ ಹಿಮ್ಮುಖವಾಗಿ ಬೆನ್ನಟ್ಟುವ ವಿಧಾನವನ್ನು ಟರ್ನರ್ ವಿಟೆಡ್ 1980ರಲ್ಲಿ ಪ್ರಕಟಿಸಿದರು. ಕೆಲವು ಗೋಳಗಳ ಒಂದೇ ಒಂದು ಚಿತ್ರಕ್ಕೆ ಆಗ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. 2018ರಲ್ಲಿ ಚಿಪ್ ಕಂಪನಿ ಎನ್ವಿಡಿಯಾ ಇದಕ್ಕೆಂದೇ ಪ್ರತ್ಯೇಕ ವಿಭಾಗವಿರುವ ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡುಗಳನ್ನು ತಂದಿತು. ಆದರೂ 4ಕೆ ಪರದೆಯಲ್ಲಿ 82,94,400 ಪಿಕ್ಸೆಲ್‌ಗಳು. ಒಂದೊಂದಕ್ಕೂ ನೂರಾರು ಕಿರಣಗಳನ್ನು 16 ಮಿಲಿಸೆಕೆಂಡಿನಲ್ಲಿ ಹಾಯಿಸುವುದು ಆಗದ ಮಾತು. ಬೆರಳೆಣಿಕೆಯ ಕಿರಣಗಳನ್ನು ಬಿಟ್ಟರೆ ಬರುವ ಚಿತ್ರ ರವೆ ಚೆಲ್ಲಿದಂತೆ ಚುಕ್ಕೆ ಚುಕ್ಕೆ. ಆ ಚುಕ್ಕೆಗಳ ನಡುವೆ ಏನಿರಬಹುದೆಂದು ಊಹಿಸಿ ತುಂಬಲು ಇನ್ನೊಂದು ಪ್ರೋಗ್ರಾಂ ಬೇಕಾಯಿತು.

ಇಲ್ಲಿಗೆ ನನ್ನ ಎರಡು ಬಗೆಗಳ ವಿಂಗಡಣೆ ಸಡಿಲಗೊಳ್ಳುತ್ತದೆ. ಎನ್ವಿಡಿಯಾದ ಡಿಎಲ್‌ಎಸ್‌ಎಸ್ ತಂತ್ರಜ್ಞಾನ ಕಡಿಮೆ ಪಿಕ್ಸೆಲ್‌ಗಳಲ್ಲಿ ಬಿಡಿಸಿದ ಚಿತ್ರವನ್ನು ದೊಡ್ಡದು ಮಾಡುತ್ತದೆ. 2022ರ ಅದರ ಮೂರನೆಯ ಆವೃತ್ತಿ ಎರಡು ಫ್ರೇಮುಗಳ ನಡುವೆ ಮತ್ತೊಂದು ಫ್ರೇಮನ್ನೇ ಸೃಷ್ಟಿಸಿತು. 2025ರ ನಾಲ್ಕನೆಯದು ಮೂರರವರೆಗೆ ಸೃಷ್ಟಿಸುತ್ತದೆ. ಆ ಫ್ರೇಮುಗಳನ್ನು ಯಾವ ಕಲಾವಿದನೂ ಮೊದಲೇ ಮಾಡಿಟ್ಟಿಲ್ಲ, ಆಟದ ಎಂಜಿನ್ನೂ ಲೆಕ್ಕ ಹಾಕಿಲ್ಲ. ಸಾವಿರಾರು ಚಿತ್ರಗಳಿಂದ ಮೊದಲೇ ಕಲಿತ ಕೃತಕ ನರಜಾಲವೊಂದು ಆ ಕ್ಷಣಕ್ಕೆ ಊಹಿಸಿದ್ದು. ಹೆಚ್ಚಿನ ಕಡೆ ಊಹೆ ಸರಿಯಾಗಿಯೇ ಇರುತ್ತದೆ. ತಪ್ಪುವುದು ತೆಳುವಾದ ತಂತಿಬೇಲಿ, ಓಡುವ ದೃಶ್ಯದ ಮೇಲೆ ನಿಂತಿರುವ ಅಂಕಿ ಅಕ್ಷರಗಳು, ತಿರುಗುವ ಚಕ್ರದ ಕಡ್ಡಿಗಳು ಇಂಥ ಕಡೆ. ಅಲ್ಲಿ ಅಂಚು ಕದಡಿ ನೆರಳಿನಂಥ ಗುರುತು ಉಳಿಯುತ್ತದೆ. ಇನ್ನೊಂದು ತೊಡಕೂ ಇದೆ: ಮುಂದಿನ ನಿಜ ಫ್ರೇಮ್ ಬಂದ ಮೇಲಷ್ಟೇ ನಡುವಿನದನ್ನು ಹೆಣೆಯಲು ಸಾಧ್ಯವಾದ್ದರಿಂದ, ಫ್ರೇಮುಗಳ ಸಂಖ್ಯೆ ಏರಿದರೂ ಗುಂಡಿ ಒತ್ತಿದ್ದಕ್ಕೆ ಆಟ ಓಗೊಡುವುದು ಬೇಗವಾಗುವುದಿಲ್ಲ, ತುಸು ತಡವೇ ಆಗುತ್ತದೆ. ನಿಧಾನವಾಗಿ ನಡೆದಾಡಿ ಊರು ಕಾಡು ನೋಡುವ ಆಟಗಳಲ್ಲಿ ನಾನು ಈ ಫ್ರೇಮ್ ಸೃಷ್ಟಿಯನ್ನು ಚಾಲೂ ಇಟ್ಟಿರುತ್ತೇನೆ. ಕಾರ್ ರೇಸಿನಲ್ಲೂ ಹೊಡೆದಾಟದ ಆಟಗಳಲ್ಲೂ ನೆರಳಿನ ಗುಣಮಟ್ಟವನ್ನು ಎರಡು ಮಟ್ಟ ಇಳಿಸಿ, ಫ್ರೇಮ್ ಸೃಷ್ಟಿಯನ್ನು ನಿಲ್ಲಿಸಿಬಿಡುತ್ತೇನೆ.